ಅವಳು ನಕ್ಕ ಜಾಗ

ಮತ್ತೆ ನಕ್ಕಳು.

ಉಮಾಶಂಕರ ಕೆನ್ನೆಯ ಮೇಲಿದ್ದ ರೇಜರ್ ತಡೆದು ನಲ್ಲಿ ನಿಲ್ಲಿಸಿದ. ಅಡುಗೆಮನೆಯ ಕಡೆಯಿಂದಲೇ. ಮೊದಲು ಮೂಗಿನಲ್ಲಿ ಹಿಡಿದಿಟ್ಟು ಆಮೇಲೆ ಕೈತಪ್ಪಿ ಹೊರಗೆ ಬಿದ್ದಂಥ ನಗು. ಹೆಂಡತಿಯ ಕೆಮ್ಮು, ಸೀನು, ಆಕಳಿಕೆ, ನೆಂಟರ ಮುಂದೆ ನಗುವ ನಗು ಎಲ್ಲವೂ ಅವನಿಗೆ ಪರಿಚಯ. ಇದು ಪರಿಚಯವಿಲ್ಲದ್ದು.

ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಹೋಗಿ ಬಾಗಿಲಲ್ಲಿ ನಿಂತ. ಶೋಭಾರಾಣಿ ದೋಸೆ ತಿರುವಿ ಹಾಕುತ್ತಿದ್ದಳು. ಉಪ್ಪಿನ ಡಬ್ಬಿಗೆ ಒರಗಿಸಿದ ಫೋನು, ಕಿವಿಯಲ್ಲಿ ಇಯರ್‌ಫೋನು. ಅವನನ್ನು ಕಂಡದ್ದೇ ಫೋನನ್ನು ಕವುಚಿಟ್ಟಳು.

"ಏನದು?"

"ಏನಿಲ್ಲ."

"ನಕ್ಕೆಯಲ್ಲ."

"ಸೀರಿಯಲ್ಲು. ಥಾಯ್ಲೆಂಡಿಂದು. ನಮ್ಮಾಫೀಸಿನ ವಾಣಿಶ್ರೀ ಹೇಳಿದ್ಲು, ಚೆನ್ನಾಗಿದೆ ನೋಡು ಅಂತ."

"ನಿಂಗೆ ಥಾಯ್ ಬರುತ್ತಾ?"

"ಕೆಳಗಡೆ ಇಂಗ್ಲಿಷಲ್ಲಿ ಬರುತ್ತೆ." ದೋಸೆಯನ್ನು ತಟ್ಟೆಗೆ ಹಾಕಿದಳು. "ಮುಖ ತೊಳ್ಕೊಂಡ್ ಬನ್ನಿ. ಬಸ್ ತಪ್ಪುತ್ತೆ."

ಬಸ್ ತಪ್ಪಲಿಲ್ಲ. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗಿ ಅರ್ಥಶಾಸ್ತ್ರ ಹೇಳಿ ಹಿಂದಿರುಗುವ ಅವನ ಬಾಳಿನಲ್ಲಿ ಬಸ್ ತಪ್ಪಿಸಿಕೊಳ್ಳುವಷ್ಟು ಸಾಹಸವೂ ಎಂದೂ ಒದಗಿರಲಿಲ್ಲ.

ಕಿಟಕಿಯ ಪಕ್ಕ ಕುಳಿತು ಫೋನಿನಲ್ಲಿ ಹುಡುಕಿದ. ಬೇಗನೆ ಸಿಕ್ಕಿತು. ಇದು ಮೂಲದಲ್ಲಿ ಜಪಾನಿನ ಪ್ರೇಮಕಥೆ, ಬಹಳ ಹಿಂದೆ ಒಬ್ಬಾಕೆ ಕಪ್ಪುಬಿಳುಪಿನಲ್ಲಿ ಬರೆದ ಚಿತ್ರಕಥೆ. ಅದಕ್ಕೆ ಅಲ್ಲಿ ಮಾಂಗಾ ಎನ್ನುತ್ತಾರೆ. ಒಂದು ತಲೆಮಾರಿನ ಹುಡುಗಿಯರು ಅದನ್ನು ಕಾದು ಕಾದು ಓದುತ್ತಿದ್ದರಂತೆ. ಆಮೇಲೆ ಇನ್ನೆರಡು ದೇಶದವರು ಅದನ್ನು ಸೀರಿಯಲ್ ಮಾಡಿದ್ದಾರೆ. ಈಗ ಬ್ಯಾಂಕಾಕಿನವರ ಸರದಿ.

ಕಥೆ ಸರಳವಾಗಿತ್ತು. ಹೂವಿನಂಗಡಿಯ ಹುಡುಗಿ. ಎದುರಿಗೆ ಗಡಿಯಾರ ರಿಪೇರಿ ಅಂಗಡಿಯ ಹುಡುಗ, ಮಾತು ಕಡಿಮೆ. ಅವಳು ತನ್ನ ಗಡಿಯಾರವನ್ನು ತಾನೇ ಕೆಡಿಸಿಕೊಂಡು ಅವನ ಬಳಿ ಒಯ್ಯುತ್ತಾಳೆ. ಅವನು ಬಿಚ್ಚಿ, ಸರಿಮಾಡಿ, ಮುಖ ನೋಡದೆ ವಾಪಸು ಕೊಡುತ್ತಾನೆ. ಅವಳು ಮತ್ತೆ ಕೆಡಿಸುತ್ತಾಳೆ.

ಇದರಲ್ಲಿ ನಗುವಂಥದ್ದು ಏನಿದೆ? ಉಮಾಶಂಕರ ನಿಜವಾಗಿಯೂ ತಿಳಿಯಬಯಸಿದ. ತುಂಬಾ ದಿನಗಳಿಂದ ಅವನಿಗೆ ಯಾವುದನ್ನೂ ಹೀಗೆ ತಿಳಿಯಬೇಕೆನಿಸಿರಲಿಲ್ಲ.

ಪಕ್ಕದಲ್ಲಿ ಹುರುಳಿಕಾಯಿ ಚೀಲ ಮಡಿಲಲ್ಲಿಟ್ಟು ಕೂತಿದ್ದ ಮುದುಕಿ ಆಗಲೇ ಅವನ ಫೋನಿನೊಳಕ್ಕೆ ಬಗ್ಗಿದ್ದಳು.

"ಸಾರ್, ಆ ಪಿಲ್ಲ ಅಳ್ತಾ ಅವ್ಳಾ, ನಗ್ತಾ ಅವ್ಳಾ?"

"ಗೊತ್ತಾಗ್ತಿಲ್ಲಮ್ಮ."

"ಅಯ್ಯೋ, ನೋಡ್ತಾ ಇರೋರು ನೀವೇ ಅಲ್ವಾ?"

ಅವನು ಫೋನನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. ಮುದುಕಿ ಒಂದು ಕ್ರಾಸಿನಲ್ಲಿ ಚೀಲ ಎತ್ತಿಕೊಂಡು ಇಳಿದುಹೋದಳು. ರಸ್ತೆಯುದ್ದಕ್ಕೂ ಮಾವಿನ ಲಾರಿಗಳು. ಬಸ್ಸಿನ ತುಂಬ ಹಣ್ಣಿನ ವಾಸನೆ, ಸ್ವಲ್ಪ ಕೊಳೆತದ್ದು, ಸ್ವಲ್ಪ ಸಿಹಿ.

ಮೊದಲ ಕ್ಲಾಸಿನಲ್ಲಿ ಬೇಡಿಕೆಯ ನಿಯಮ ಹೇಳಿದ. ಎರಡನೆಯದರಲ್ಲಿ ಹುಡುಗರಿಗೆ ನೀವೇ ಓದಿಕೊಳ್ಳಿ ಅಂದು ಸ್ಟಾಫ್ ರೂಮಿಗೆ ಬಂದು ಕೂತ. ಕನ್ನಡದ ಕದಿರೇಶ ಎದುರು ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದ.

"ಏನ್ ಸಾರ್ ಅಷ್ಟೊಂದು ಗಮನ?"

"ಥಾಯ್ ಸೀರಿಯಲ್ಲು. ಮೂಲ ಜಪಾನಿಂದು, ಮಾಂಗಾ."

"ಮಾಂಗಾನಾ? ತಮಿಳಲ್ಲಿ ಮಾವಿನಕಾಯಿ ಅಲ್ವಾ ಅದು. ಶ್ರೀನಿವಾಸಪುರಕ್ಕೆ ತಕ್ಕದ್ದನ್ನೇ ಹಿಡಿದಿದೀರ ಬಿಡಿ."

ಕದಿರೇಶ ಎದ್ದು ಬಂದು ಅವನ ಹೆಗಲ ಹಿಂದೆ ನಿಂತು ನೋಡಿದ. ಹುಡುಗಿ ಗಡಿಯಾರವನ್ನು ಸಾರಿನ ಬಟ್ಟಲಿಗೆ ಹಾಕಿ, ಕೆಟ್ಟಿದೆಯೋ ಇಲ್ಲವೋ ಎಂದು ಕಿವಿಗಿಟ್ಟುಕೊಂಡಳು. ಕತ್ತಿನ ಮೇಲೆ ಸಾರು ಇಳಿಯಿತು. ಕದಿರೇಶ ಗೊಳ್ಳನೆ ನಕ್ಕ.

ಉಮಾಶಂಕರ ತಟ್ಟನೆ ತಿರುಗಿದ. "ಯಾಕೆ ನಕ್ರಿ?"

"ಅಂದ್ರೆ?"

"ಯಾವುದಕ್ಕೆ? ಸಾರಿಗಾ, ಅವಳ ಮುಖಕ್ಕಾ?"

"ಹಂಗೆಲ್ಲ ಕೇಳಿದ್ರೆ ಹೆಂಗೆ ಸಾರ್. ಬಂತು, ನಕ್ಕೆ." ಕದಿರೇಶ ಅವನನ್ನೇ ಒಂದು ಗಳಿಗೆ ನೋಡಿ ಟೀ ಲೋಟದ ಕಡೆಗೆ ಹೊರಟುಹೋದ.

ಉಮಾಶಂಕರ ಆ ದೃಶ್ಯವನ್ನು ಹಿಂದಕ್ಕೆಳೆದು ಮತ್ತೆ ನೋಡಿದ. ಆಮೇಲೆ ಕುತೂಹಲದಿಂದ ಬೇರೆ ದೇಶದವರು ಮಾಡಿದ್ದನ್ನೂ ಹುಡುಕಿ ನೋಡಿದ. ಅಲ್ಲಿಯೂ ಸಾರು, ಅಲ್ಲಿಯೂ ಗಡಿಯಾರ. ಹುಡುಗಿ ಮಾತ್ರ ಬೇರೆ. ಎಲ್ಲ ಭಾಷೆಗಳಲ್ಲೂ ಗಡಿಯಾರದಂಗಡಿಯ ಹುಡುಗ ತಲೆ ಎತ್ತಲಿಲ್ಲ. ಎಲ್ಲ ಭಾಷೆಗಳಲ್ಲೂ ಅವಳು ಮಾತಾಡುತ್ತಲೇ ಇದ್ದಳು. ಉಮಾಶಂಕರ ತುಟಿ ಅಗಲಿಸಿ, ಗಂಟಲಿನಿಂದ ಸಣ್ಣಗೆ ಒಂದು ಸದ್ದು ಹೊರಡಿಸಿ ನೋಡಿದ. ನಗುವಿನಂತೆಯೇ ಕೇಳಿಸಿತು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ ಫೋನು ಜೇಬಿಗಿಳಿಸಿದ.

ಸಂಜೆ ಮನೆಗೆ ಬಂದಾಗ ಶೋಭಾರಾಣಿ ಆಫೀಸಿನಿಂದ ಬಂದು ಸೊಪ್ಪು ಬಿಡಿಸುತ್ತಿದ್ದಳು. ಅವನು ಚಪ್ಪಲಿ ಬಿಡುತ್ತಲೇ ಹೇಳಿದ:

"ನಾನೂ ನೋಡಿದೆ."

"ಏನನ್ನ?"

"ನಿನ್ನ ಸೀರಿಯಲ್ಲು. ಆರು ಕಂತು ಮುಗಿಸಿದೆ."

ಸೊಪ್ಪು ಬಿಡಿಸುವ ಬೆರಳು ನಿಂತವು. "ನೀವ್ಯಾಕೆ ನೋಡಿದ್ರಿ?"

"ಯಾಕೆ, ನೋಡಬಾರದಾ?"

"ನೋಡಿ. ನಂಗೇನು."

"ಬೆಳಿಗ್ಗೆ ನಕ್ಕೆಯಲ್ಲ, ಅದು ಎಲ್ಲಿ ಅಂತ ಗೊತ್ತಾಗಲಿಲ್ಲ. ಬಾ ಇಲ್ಲಿ, ತೋರಿಸು."

"ನೆನಪಿಲ್ಲ."

"ಬಂದು ಕೂತ್ಕೋ. ನೋಡಿದ್ರೆ ನೆನಪಾಗುತ್ತೆ."

ಅವನು ಫೋನಿನಿಂದ ಟಿವಿಗೆ ಹಾಕಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸೋಫಾದ ಅಂಚಿನಲ್ಲಿ, ಯಾರದೋ ಮನೆಗೆ ಬಂದವಳ ಹಾಗೆ ಕೂತಳು. ದೊಡ್ಡ ಪರದೆಯಲ್ಲಿ ಹೂವಿನಂಗಡಿ ಬಂತು. ಶೋಭಾರಾಣಿ ಟಿವಿ ನೋಡಿದಳು. ಉಮಾಶಂಕರ ಶೋಭಾರಾಣಿಯನ್ನು ನೋಡಿದ.

"ಇಲ್ಲೇನಾ?"

"ಅಲ್ಲ."

ಗಡಿಯಾರ ಸಾರಿಗೆ ಬಿತ್ತು. "ಇಲ್ಲೇ ತಾನೇ? ಕದಿರೇಶ ಇಲ್ಲೇ ನಕ್ಕಿದ್ದು."

"ಕಾಲೇಜಲ್ಲೂ ತೋರಿಸಿದ್ರಾ?"

"ಅವರೇ ಬಂದು ನೋಡಿದ್ರು. ಇಲ್ಲಾ ಇಲ್ಲಿರಬಹುದು, ಅವಳು ಜಾರಿ ಬೀಳೋ ಕಡೆ..."

"ರೀ, ಸಾಕು."

"ತೋರಿಸೋಕೇನು ಕಷ್ಟ? ಆಮೇಲೆ ಹೇಗೂ ಅವನು ಊರು ಬಿಟ್ಟು ಹೋಗ್ತಾನೆ, ಅಲ್ಲಿ ನಗೋಕೇನೂ ಇಲ್ಲ. ಕಥೆ ಪೂರ್ತಿ ಓದಿದೀನಿ ನಾನು."

ಅವಳು ಮೆಲ್ಲಗೆ ಅವನ ಕಡೆ ತಿರುಗಿದಳು. "ಊರು ಬಿಟ್ಟು ಹೋಗ್ತಾನಾ?"

"ಹೂಂ. ಯಾಕೆ, ನೀನು ಅಲ್ಲಿಗೆ ಬಂದಿರಲಿಲ್ವಾ?"

ಅವಳು ರಿಮೋಟು ತೆಗೆದುಕೊಂಡು ಟಿವಿ ಆರಿಸಿದಳು. ಅವಳಿಗೆ ಸಿಟ್ಟು ಬಂದಿದೆಯೇ ಎಂದು ಹುಡುಕಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

"ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ," ಅಂದ. "ಅಂಥ ನಗು ನಾನು ಕೇಳೇ ಇರಲಿಲ್ಲ. ಅದಕ್ಕೇ."

ಶೋಭಾರಾಣಿ ನಿಜವಾಗಿಯೂ ಯೋಚಿಸಿದಳು. ಹುಬ್ಬು ಗಂಟಿಕ್ಕಿ, ಪ್ರಶ್ನೆಗೆ ಸರಿಯುತ್ತರ ಹುಡುಕುವ ವಿದ್ಯಾರ್ಥಿಯ ಹಾಗೆ.

"ನೀವು ಮನೇಲಿದೀರ ಅನ್ನೋದೇ ಮರೆತುಹೋಗಿತ್ತು ರೀ," ಅಂದಳು. "ಅದಕ್ಕೇ ನಕ್ಕಿರಬೇಕು."

ಚುಚ್ಚಲು ಹೇಳಿದ್ದಲ್ಲ. ಅದು ಅವನಿಗೂ ಗೊತ್ತಾಯಿತು.

ಅವಳು ಎದ್ದು ಸೊಪ್ಪಿನ ಬಳಿಗೆ ಹೋದಳು. ಒಳಗಿನಿಂದಲೇ, "ಮೊಸರಿಲ್ಲ, ಒಂದು ಪ್ಯಾಕೆಟ್ ತಂದುಬಿಡ್ತೀರಾ?" ಅಂದಳು. ಏನೂ ಆಗದಿದ್ದವಳ ಧ್ವನಿ. ಅವನೂ ಏನೂ ಆಗದಿದ್ದವನ ಹಾಗೆ ಚಪ್ಪಲಿ ಮೆಟ್ಟಿದ.

ಬೀದಿಯಲ್ಲಿ ಇನ್ನೂ ಬೆಳಕಿತ್ತು. ಮೊಸರು ಕೊಂಡು ಬರುವಾಗ ಒಂದು ಬಟ್ಟೆ ಅಂಗಡಿ ಖಾಲಿ ಮಾಡುತ್ತಿದ್ದರು. ಬಾಗಿಲ ಮುಂದೆ ಟಿವಿಎಸ್ ನಿಂತಿತ್ತು. ಅದರ ಹಿಂದಿನ ಸೀಟಿನ ಮೇಲೆ ಸೀರೆ ಉಡಿಸುವ ಗೊಂಬೆಯೊಂದನ್ನು ಬೆವರು ಸುರಿಸುತ್ತ ಒಬ್ಬ ಕೂರಿಸಲು ನೋಡುತ್ತಿದ್ದ. ಅದು ಕೂರುವ ಗೊಂಬೆಯಲ್ಲ, ನಿಲ್ಲುವ ಗೊಂಬೆ. ಜಾರಿ ಜಾರಿ ಬೀಳುತ್ತಿತ್ತು.

"ಸಾರ್, ಸಾರ್," ಅವನು ಕೂಗಿದ. "ಒಂದ್ ನಿಮಿಷ ಹಿಡ್ಕೊಳಿ ಸಾರ್ ಇವಳನ್ನ. ಹಗ್ಗ ತಂದ್ಬಿಡ್ತೀನಿ."

ಬೇಡವೆನ್ನುವ ಮೊದಲೇ ಗೊಂಬೆ ಉಮಾಶಂಕರನ ತೋಳಿಗೆ ಬಂದಿತ್ತು. ಕೊಟ್ಟವನು ಅಂಗಡಿಯೊಳಗೆ ಹೋದ.

ಗೊಂಬೆ ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಬಿಟ್ಟರೆ ಒಡೆಯುತ್ತಿತ್ತು. ಸೊಂಟ ಬಳಸಿ ಹಿಡಿಯದೆ ಬೇರೆ ದಾರಿಯಿರಲಿಲ್ಲ. ಇನ್ನೊಂದು ಕೈಯಲ್ಲಿ ಮೊಸರಿನ ಪ್ಯಾಕೆಟ್ಟು ತಣ್ಣಗೆ ನೀರಿಳಿಸುತ್ತಿತ್ತು. ಹೋಗುವವರು ತಿರುಗಿ ನೋಡಿದರು. ಆಟೋದಲ್ಲಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ತೋರಿಸಿದಳು.

ಅಂಗಡಿಯೊಳಗಿನಿಂದ ಯಾರೂ ಬರಲಿಲ್ಲ. ಅವನು ಒಮ್ಮೆ "ರೀ" ಅಂದ, ಮತ್ತೊಮ್ಮೆ ಸ್ವಲ್ಪ ಜೋರಾಗಿ "ಏನ್ರೀ" ಅಂದ. ಆಮೇಲೆ ಬೇರೇನೂ ತೋಚದೆ ಗೊಂಬೆಯ ಮುಖ ನೋಡಿದ, ಹತ್ತಿರದಿಂದ, ಗಮನವಿಟ್ಟು. ಬರೆದ ಹುಬ್ಬು, ತುಸು ತೆರೆದ ತುಟಿ. ಬಣ್ಣದ ಕಣ್ಣುಗಳು ಅವನ ಕಿವಿಯ ಪಕ್ಕದಿಂದ ಹಾದು ರಸ್ತೆಯಾಚೆ ಯಾವುದನ್ನೋ ನೋಡುತ್ತಿದ್ದವು. ಅವನು ಕತ್ತು ತಿರುಗಿಸಿ ಆ ಕಡೆ ನೋಡಿದ. ಮುಚ್ಚಿದ ಶಟರು. ಗೊಂಬೆ ಮತ್ತೆ ಜಾರಿತು. ಅವನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.