ಶಟರ್ ಎಳೆದ ಮೇಲೆ

ಇಪ್ಪತ್ತೆರಡು ವರ್ಷದಿಂದ ಮೃಗಾಲಯದಲ್ಲಿ ಕೋತಿಗಳನ್ನು ನೋಡಿಕೊಳ್ಳುತ್ತಿರುವವನು ನಾನು. ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ತಂಗಿ ಊದಿದ ಕೆನ್ನೆ ಹೊತ್ತು ಬಾಗಿಲಲ್ಲಿ ನಿಂತರೆ ಯಾರಿಗೆ ರಕ್ತ ಕುದಿಯುವುದಿಲ್ಲ, ಹೇಳಿ?

"ಅವ್ನು ಹೊಡೆದ್ನಾ?"

"ಹೋಗ್ಬೇಡಣ್ಣ," ಎಂದಳು.

ಕೇಳುವ ಜನ್ಮವೇ ನನ್ನದು! ಬಾಗಿಲ ಹಿಂದಿದ್ದ ಕಬ್ಬಿಣದ ಪೈಪು ಹಿಡಿದು ಅವಳ ಗಂಡನ ವೆಲ್ಡಿಂಗ್ ಅಂಗಡಿಗೆ ನುಗ್ಗಿದೆ.

"ಹೆಂಗಸಿನ ಮೇಲೆ ಕೈ ಮಾಡ್ತೀಯೇನೋ? ಬಾ, ನನ್ನ ಹತ್ರ ತೋರ್ಸು!"

ಅವನೂ ಸುತ್ತಿಗೆ ಎತ್ತಿಕೊಂಡ. "ನಮ್ಮನೆ ವಿಷಯ. ನಿಂಗ್ಯಾಕೆ?"

ಎರಡೇ ನಿಮಿಷಕ್ಕೆ ರಸ್ತೆ ತುಂಬ ಜನ. "ಬಿಡ್ಬೇಡ, ಹಾಕು!" ಎಂದ ಒಬ್ಬ. ಕೆಲವರು ಮೊಬೈಲ್ ಎತ್ತಿ ಹಿಡಿದರು. ನನ್ನ ಭುಜ ಉಬ್ಬಿತು, ಕತ್ತಿನ ಕೂದಲು ನೆಟ್ಟಗಾಯಿತು. ಅಯ್ಯೋ, ಇದು ನಮ್ಮ ದೊಡ್ಡಯ್ಯನ ವೇಷವಲ್ಲವೇ! ದೊಡ್ಡಯ್ಯ ಎಂದರೆ ಕೋತಿ ಗುಂಪಿನ ಯಜಮಾನ.

"ಅವನು ಉಬ್ಬೋದು ಎದುರಾಳಿಗಲ್ಲ ಕಣಯ್ಯ, ನೋಡೋರಿಗೆ. ಲಕ್ಷಾಂತರ ವರ್ಷದ ಬುದ್ಧಿ ಅದು, ನಮಗೂ ಬಂದಿದೆ," ಎನ್ನುತ್ತಿದ್ದರು ನಮ್ಮ ಪ್ರಾಣಿ ಡಾಕ್ಟರು. ಜಗಳ ಹತ್ತಿಕೊಂಡರೆ ಉಳಿದ ಕೋತಿಗಳಿಗೆ ಕಾಣದಂತೆ ಮೊದಲು ತಗಡಿನ ಅಡ್ಡಬಾಗಿಲು ಇಳಿಸುವುದು ನಮ್ಮ ರೂಢಿ.

ನಾನು ಅಂಗಡಿಯ ಶಟರ್ ಎಳೆದೆ.

"ಕೊಂದೇ ಬಿಡ್ತಾನೆ!" ಎಂದು ಹೊರಗೆ ಕೂಗಾಟ. ಒಳಗೆ ಅರೆಗತ್ತಲು. ಅವನ ಉಸಿರು ಕೇಳಿಸುತ್ತಿತ್ತು. ಪೈಪು ಕೆಳಗಿಟ್ಟು, ಕೆರಳಿದ ಕೋತಿಯ ಮುಂದೆ ಮಾಡುವಂತೆ ಅವನ ಕಣ್ಣು ನೋಡದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತೆ. ಅವನು ಒಂದೇ ಏಟು ಬೀಸಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

ಕೊನೆಗೆ ಸುತ್ತಿಗೆಯನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು.

"ತಪ್ಪಾಯ್ತು ಭಾವ," ಎಂದ.

ಗೆದ್ದೆ ಎನಿಸಿತು. ಶಟರ್ ಎತ್ತಿದೆ. ರಕ್ತ ಕಾಣದ ಜನ ಮುಖ ಸಪ್ಪಗೆ ಮಾಡಿಕೊಂಡು ಚದುರಿದರು. ಓಡಿಬಂದಿದ್ದ ತಂಗಿ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದಳು.

"ನೋಡ್ದ್ಯಾ, ಹೆಂಗೆ ತಣ್ಣಗಾದ! ನೋಡೋರಿಲ್ದಿದ್ರೆ ಯಾರೂ ಹೊಡೆಯಲ್ಲ ಕಣೆ. ಇನ್ನು ಧೈರ್ಯವಾಗಿ ಮನೆಗೆ ಹೋಗು," ಎಂದೆ.

ಅವಳು ಗಂಡನನ್ನು ನೋಡಿದಳು. ಆಮೇಲೆ ನನ್ನನ್ನು.

"ನಂಗೆ ಹೊಡೆಯೋವಾಗ್ಲೂ ಬಾಗಿಲು ಹಾಕಿರ್ತಾರಣ್ಣ. ಆಗೆಲ್ಲ ಯಾರು ನೋಡ್ತಿದ್ರು?"

'ಆಗೆಲ್ಲ' ಎಂದಳು. ಎಷ್ಟು ಸಲ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಹಿಂದೆ ಅವನು ತಲೆ ತಗ್ಗಿಸಿ ನಿಂತೇ ಇದ್ದ.

"ನಡಿಯಮ್ಮ, ನಮ್ಮನೆಗೆ," ಎಂದು ಅವಳ ಕೈ ಹಿಡಿದುಕೊಂಡೆ.