ಭೇಟಿ ಕೋಣೆಗೆ ಹೋಗುವವರಿಗೆ

ಪರದೇಶದ ಜೈಲಿನಲ್ಲಿರುವ ತಮ್ಮವರನ್ನು ನೋಡಲು ಹೋಗುವವರು ಮೊದಲು ಬಟ್ಟೆಯ ಕಡೆ ಗಮನ ಕೊಡಬೇಕು. ಲೋಹದ ಕೊಕ್ಕೆ, ಜಿಪ್ಪು, ಹೊಳೆಯುವ ಗುಂಡಿ ಯಾವುದೂ ಬೇಡ. ಬಾಗಿಲ ಬಳಿಯ ಯಂತ್ರ ಕೂಗಿಕೊಂಡರೆ ನಿಮ್ಮನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ, ಹಿಂದಿದ್ದವರೆಲ್ಲ ಮುಂದೆ ಹೋಗುತ್ತಾರೆ, ನಿಮ್ಮ ಪಾಲಿನ ಹೊತ್ತು ಅಲ್ಲೇ ಕರಗುತ್ತದೆ. ನಾನು ಹೆಂಗಸರ ಬಟ್ಟೆ ಹೊಲಿಯುವವಳು. ವಿಮಾನ ನಿಲ್ದಾಣದಲ್ಲಿ ಒಮ್ಮೆ ಹಾಗೆ ಕೂಗಿಸಿಕೊಂಡ ಮೇಲೆ, ಲಾಡ್ಜಿನ ಕೋಣೆಯಲ್ಲಿ ಕೂತು ಕೊಕ್ಕೆಗಳನ್ನೆಲ್ಲ ಕಿತ್ತು ಲಾಡಿ ಹೊಲಿದುಕೊಂಡೆ. ಸುಲಭವಾಗಿ ಬಿಚ್ಚುವ ಚಪ್ಪಲಿ ಹಾಕಿಕೊಳ್ಳಿ. ಕೈಯಲ್ಲಿ ಏನನ್ನೂ ಒಯ್ಯಬೇಡಿ, ಯಾವುದನ್ನೂ ಒಳಗೆ ಬಿಡುವುದಿಲ್ಲ. ತಮ್ಮನಿಗೆಂದು ನಾನು ಹೊಲಿದಿದ್ದ ಅಂಗಿಯನ್ನು ಗೇಟಿನಲ್ಲೇ ತಿರುಗಿಸಿ ಕೊಟ್ಟರು.

ನನ್ನ ತಮ್ಮ ಆ ದೇಶದಲ್ಲಿ ಲಾರಿ ಓಡಿಸುತ್ತಿದ್ದ. ಅವನ ಲಾರಿಯಲ್ಲಿ ಸಿಕ್ಕ ಸರಕು ತನ್ನದಲ್ಲ ಎಂದು ಅವನು ಹೇಳಿದ, ನಾವೂ ಹೇಳಿದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಾದ ಮುಗಿದು ಆರು ವರ್ಷವಾಯಿತು. ಶಿಕ್ಷೆಯಲ್ಲಿ ಕಳೆದದ್ದಕ್ಕಿಂತ ಉಳಿದದ್ದೇ ಹೆಚ್ಚು. ಹೋದ ವರ್ಷ ಎರಡೂ ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡವು. ಅಲ್ಲಿ ಒಳಗಿರುವ ನಮ್ಮವರು ಉಳಿದ ಶಿಕ್ಷೆಯನ್ನು ನಮ್ಮ ದೇಶದ ಜೈಲಿನಲ್ಲಿ ಕಳೆಯಬಹುದು. ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಅರ್ಧ ದಿನದಲ್ಲಿ ಆ ಜೈಲಿಗೆ ಹೋಗಿ ಬರಬಹುದು. ಷರತ್ತು ಒಂದೇ, ಕೈದಿ ತನ್ನ ಬಾಯಿಂದಲೇ ಹೂಂ ಎನ್ನಬೇಕು. ಉಳಿದವರೆಲ್ಲ ಕೇಳಿದ ಕೂಡಲೇ ಹೂಂ ಎಂದರು. ನನ್ನ ತಮ್ಮನನ್ನು ಎರಡು ಸಲ ಕೇಳಿದರು, ಎರಡು ಸಲವೂ ಬೇಡ ಎಂದ. ಯಾಕೆಂದು ಹೇಳಲಿಲ್ಲ. ಇನ್ನೊಂದು ಸಲ ಕೇಳುವುದಿತ್ತು, ಅದೇ ಕೊನೆ.

"ನೀನೇ ಹೋಗು," ಎಂದಳು ಅಮ್ಮ. "ಚಿಕ್ಕಂದಿನಿಂದ ಅವನು ಕೇಳಿದ್ದು ಅಂದ್ರೆ ನಿನ್ನ ಮಾತೊಂದೇ. ಕಿವಿ ಹಿಂಡಿಯಾದರೂ ಹೂಂ ಅನ್ನಿಸ್ಕೊಂಡು ಬಾ."

"ಗಾಜಿನ ಆಚೆ ಇರೋ ಕಿವಿನ ಹೇಗಮ್ಮ ಹಿಂಡಲಿ?"

"ಅದನ್ನೂ ನಾನೇ ಹೇಳಿಕೊಡಬೇಕೇನೇ?"

ತಮ್ಮನ ಹೆಂಡತಿ ಮಗುವಿನ ಕೈ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದಳು. ಅಮ್ಮ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು. "ಬರೋದು ಬಿಡೋದು ಆಮೇಲೆ ಅಕ್ಕ. ಯಾಕೆ ಬೇಡ ಅಂತಾರೆ, ಅದನ್ನ ಕೇಳ್ಕೊಂಡು ಬನ್ನಿ. ನನಗೆ ಅಷ್ಟು ಸಾಕು."

ಜೈಲಿರುವ ಆ ಊರು ಚೆನ್ನಾಗಿದೆ, ಸುಳ್ಳು ಹೇಳಬಾರದು. ಬೀದಿ ಅಗಲ, ಕಸ ಇಲ್ಲ, ಅಂಗಡಿಗಳನ್ನು ಬೆಳಕಿರುವಾಗಲೇ ಮುಚ್ಚುತ್ತಾರೆ, ಆದ್ದರಿಂದ ಬೇಕಾದ್ದನ್ನು ಮಧ್ಯಾಹ್ನವೇ ತಂದಿಟ್ಟುಕೊಳ್ಳಿ. ಬಸ್ಸಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಎಲ್ಲಿಗೆ ಹೊರಟೆಯಮ್ಮ ಎಂದು ಕೇಳುವ ಒಂದು ಪ್ರಾಣಿ ಇಲ್ಲ. ಮೊದಲ ದಿನ ಅದು ಹಾಯೆನಿಸಿತು, ಜೈಲಿಗೆ ಎಂದು ಬಾಯಿಬಿಡುವ ಕಷ್ಟ ತಪ್ಪಿತಲ್ಲ. ಆಮೇಲೆ ಯಾರಾದರೂ ಕೇಳಿದರೆ ಸಾಕಪ್ಪ ಎನಿಸತೊಡಗಿತು. ಲಾಡ್ಜು ಹಿಡಿಯುವಾಗ ರೈಲು ನಿಲ್ದಾಣದ ಹತ್ತಿರ ನೋಡಬೇಡಿ, ಜೈಲಿನ ಬಸ್ಸು ಹೊರಡುವ ಕಡೆ ನೋಡಿ. ನಾನಿದ್ದ ಲಾಡ್ಜಿನ ಒಡತಿ ದಪ್ಪ ಹೆಂಗಸು, ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು. ಮನಸ್ಸಿನಲ್ಲೇ ಅವಳಿಗೆ ಬೀಗದಮ್ಮ ಎಂದು ಹೆಸರಿಟ್ಟುಕೊಂಡೆ. ಸೂಜಿ ದಾರ ಜೊತೆಗಿರಲಿ, ಎಲ್ಲ ದೇಶದಲ್ಲೂ ಬಟ್ಟೆ ಹರಿಯುತ್ತದೆ. ಅವಳ ಕಿಟಕಿ ಪರದೆಯ ಬಿಚ್ಚಿದ ಅಂಚನ್ನು ಹೊಲಿದು ಕೊಟ್ಟ ಮೇಲೆ ಬಿಸಿನೀರು ಕೇಳದೆಯೇ ಬರುತ್ತಿತ್ತು. ಮಾತು ಮಾತ್ರ ಅವಳದು ನನಗೆ ಬಾರದು, ನನ್ನದು ಅವಳಿಗೆ ಬಾರದು.

ಭೇಟಿಗೆ ಎರಡು ದಿನವಿರುವಾಗ ಆ ದೇಶದ ರಾಜಧಾನಿಯಲ್ಲಿರುವ ನಮ್ಮ ಸರ್ಕಾರದ ಕಚೇರಿಯಿಂದ ಗುಮಾಸ್ತ ಫೋನ್ ಮಾಡಿದ.

"ಅಕ್ಕ, ಒಂದು ಕೆಟ್ಟ ಸುದ್ದಿ."

"ಒಳ್ಳೇದಿದ್ರೆ ನೀವ್ಯಾಕಪ್ಪ ಫೋನ್ ಮಾಡ್ತೀರ? ಹೇಳಿ."

"ನಿಮ್ಮ ಜೊತೆ ಬರಬೇಕಿದ್ದ ದುಭಾಷಿ ಮೆಟ್ಟಿಲ ಮೇಲಿಂದ ಬಿದ್ದು ಸೊಂಟ ಮುರ್ಕೊಂಡಿದ್ದಾರೆ."

"ಅಯ್ಯೋ ಪಾಪ. ಇರಲಿ ಬಿಡಿ, ನನಗೂ ನನ್ನ ತಮ್ಮನಿಗೂ ಮಧ್ಯೆ ದುಭಾಷಿ ಯಾಕೆ?"

"ನಿಮಗಲ್ಲ ಅಕ್ಕ, ಕಾವಲುಗಾರನಿಗೆ. ಭೇಟಿ ಕೋಣೇಲಿ ಅವನಿಗೆ ಅರ್ಥ ಆಗೋ ಮಾತೇ ಆಡಬೇಕು. ದುಭಾಷಿ ಕೂತು ಒಂದೊಂದನ್ನೂ ಅವನಿಗೆ ಹೇಳ್ತಾ ಇದ್ರೆ ಮಾತ್ರ ನಮ್ಮ ಭಾಷೆ. ಇಲ್ಲದಿದ್ರೆ ಒಂದು ಸಲ ಎಚ್ಚರಿಕೆ, ಎರಡನೇ ಸಲ ಎಬ್ಬಿಸಿ ಕಳಿಸ್ತಾರೆ."

"ಹಾಗಾದ್ರೆ ನೀವೇ ಬನ್ನಿ."

"ನನಗೆ ಆ ಪರವಾನಗಿ ಇಲ್ಲ. ಇರೋದು ಇಡೀ ದೇಶಕ್ಕೆ ಅವರೊಬ್ಬರಿಗೇ."

"ನಮ್ಮ ಕೈದಿಗಳನ್ನ ಮಾತ್ರ ಡಜನ್ನುಗಟ್ಟಲೆ ಇಟ್ಕೊಂಡಿದ್ದಾರಲ್ಲ!"

ಅವನು ನಕ್ಕ. ನಗಬಾರದಿತ್ತು ಎನಿಸಿತೇನೋ, ಕೆಮ್ಮಿದ. ದುಭಾಷಿ ಎದ್ದು ಓಡಾಡುವ ಹೊತ್ತಿಗೆ ನನ್ನ ವೀಸಾ ಮುಗಿದಿರುತ್ತದೆ, ತಮ್ಮನನ್ನು ಕೇಳುವ ಕೊನೆಯ ದಿನವೂ ದಾಟಿರುತ್ತದೆ.

"ನಿಮ್ಮ ತಮ್ಮ ಈಗ ಇಲ್ಲಿನ ಮಾತು ನೀರು ಕುಡಿದಷ್ಟು ಸಲೀಸಾಗಿ ಆಡ್ತಾರಂತೆ," ಎಂದ. "ನಿಮಗೆಷ್ಟು ಬರುತ್ತೆ?"

"ನೀರು, ಬ್ರೆಡ್ಡು, ಎಷ್ಟು, ಜಾಸ್ತಿ ಆಯ್ತು."

"ಅಷ್ಟರಲ್ಲಿ ಮನಸ್ಸು ಒಲಿಸ್ತೀರಾ?"

"ವ್ಯಾಪಾರ ಮಾಡಬಹುದು," ಎಂದೆ. ಬೇರೇನು ಹೇಳಲಿ?

ಎರಡು ದಿನ ಬೀಗದಮ್ಮನ ಅಡುಗೆಮನೆಯಲ್ಲೇ ಕೂತೆ. ಗೋಡೆಯ ಮೇಲಿದ್ದ ಅವಳ ಮನೆಯವರ ಫೋಟೋ ತೋರಿಸಿ ಅಮ್ಮ, ಮಗು, ಹೆಂಡತಿ ಕಲಿತೆ. ಬಾಗಿಲು ತೋರಿಸಿ ಮನೆ. ಕೈ ಸನ್ನೆಯಲ್ಲಿ ಬಾ. ಹತ್ತಿರ, ದೂರ, ಒಳ್ಳೆಯದು, ಅಳು. ಹೂಂ, ಇಲ್ಲ. ಎಲ್ಲ ಸಿಕ್ಕಿತು, ಯಾಕೆ ಎನ್ನುವುದು ಮಾತ್ರ ಸಿಗಲಿಲ್ಲ. ಗುಮಾಸ್ತನನ್ನು ಕೇಳೋಣವೆಂದರೆ ಆ ಎರಡು ದಿನ ಅವರ ಕಚೇರಿಗೆ ರಜೆ, ಫೋನ್ ಎತ್ತುವವರಿರಲಿಲ್ಲ. ಯಾಕೆ ಎನ್ನುವುದನ್ನು ಬೆರಳಲ್ಲಿ ಹೇಗೆ ತೋರಿಸುತ್ತೀರಿ? ಹುಬ್ಬೇರಿಸಿದೆ, ಕೈ ತಿರುವಿದೆ. ಅವಳು ಪಾಪ ಒಮ್ಮೆ ಉಪ್ಪು ತಂದುಕೊಟ್ಟಳು, ಒಮ್ಮೆ ತಲೆನೋವಿನ ಮಾತ್ರೆ. ಕಡೆಗೆ ಉಪಾಯ ಹೊಳೆಯಿತು. ತೊಳೆದಿಟ್ಟಿದ್ದ ಚಮಚವನ್ನು ತೆಗೆದು ಬೇಕೆಂದೇ ನೆಲಕ್ಕೆ ಎಸೆದೆ. ಅವಳು ನನ್ನ ಮುಖ ನೋಡಿ ಒಂದು ಪದ ಅಂದಳು. ಅದೇ ಇರಬೇಕು. ಪರೀಕ್ಷೆಗೆಂದು, ಅವಳು ಒಲೆ ಆರಿಸಿದಾಗ ಆ ಪದವನ್ನೇ ತಿರುಗಿಸಿ ಅಂದೆ. ಅವಳಿಗೆ ಖುಷಿಯೋ ಖುಷಿ. ಒಲೆ ಯಾಕೆ ಆರಿಸಿದೆ ಎಂದು ಪಾತ್ರೆ ತೋರಿಸಿ, ಗ್ಯಾಸ್ ಸಿಲಿಂಡರ್ ತಟ್ಟಿ, ಉದ್ದಕ್ಕೆ ವಿವರಿಸಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಅಲ್ಲೇ ನನಗೆ ಹೊಳೆಯಬೇಕಿತ್ತು, ಪ್ರಶ್ನೆ ಕಲಿತ ಮಾತ್ರಕ್ಕೆ ಉತ್ತರ ಬಂದುಬಿಡುವುದಿಲ್ಲ ಎಂದು. ಪದ ಸಿಕ್ಕ ಸಂತೋಷದಲ್ಲಿ ಹೊಳೆಯಲಿಲ್ಲ.

ಭೇಟಿ ಕೋಣೆಯಲ್ಲಿ ಬೆಂಚುಗಳನ್ನು ನೆಲಕ್ಕೆ ಬಿಗಿದಿದ್ದಾರೆ, ಎಳೆದುಕೊಳ್ಳಲು ಹೋಗಬೇಡಿ. ನಡುವೆ ದಪ್ಪ ಗಾಜು, ಬಾಯಿಯ ಮಟ್ಟದಲ್ಲಿ ಸಣ್ಣ ತೂತುಗಳು. ಕಾವಲುಗಾರ ಮೇಜಿನ ತುದಿಯಲ್ಲಿ ಕೂತಿದ್ದ, ನಡುವಯಸ್ಸಿನವನು. ತಮ್ಮನನ್ನು ಕರೆತಂದರು. ಗೇಟಿನಲ್ಲಿ ತಿರುಗಿಸಿ ಕೊಟ್ಟಿದ್ದ ಅಂಗಿ ಅವನಿಗೆ ಎಲ್ಲೆಲ್ಲಿ ದೊಗಳೆಯಾಗುತ್ತಿತ್ತು ಎಂದು ನನ್ನ ಕಣ್ಣು ತಾನಾಗಿ ಅಳೆಯಿತು. ಎರಡು ಭುಜದಲ್ಲೂ, ಕೊರಳಲ್ಲೂ. ಕೈ ಬೀಸದೆ ನಡೆಯುವುದನ್ನು ಕಲಿತಿದ್ದ.

"ಅಕ್ಕಾ!" ಎಂದ.

ಕಾವಲುಗಾರ ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಕುಟ್ಟಿದ. ಇದ್ದ ಒಂದೇ ಎಚ್ಚರಿಕೆ ಅಲ್ಲಿಗೆ ಮುಗಿಯಿತು. ಮೇಷ್ಟರ ಕೈಗೆ ಸಿಕ್ಕ ಮಕ್ಕಳ ಹಾಗೆ ಇಬ್ಬರೂ ಬಾಯಿ ಮುಚ್ಚಿ ಕೂತೆವು. ಮೊದಲು ತಮ್ಮನೇ ನಕ್ಕ.

ನಾನು ಕಲಿತ ಪದಗಳನ್ನು ಒಂದೊಂದಾಗಿ ಗಾಜಿನ ಮುಂದೆ ಇಟ್ಟೆ. ಅಮ್ಮ ದೂರ. ಅಮ್ಮ ಅಳು. ಮನೆ ಬಾ. ಹೂಂ?

ಇಲ್ಲ, ಎಂದ. ಆ ಪದ ನನಗೆ ಚೆನ್ನಾಗಿ ಬರುತ್ತಿತ್ತು.

ಅಮ್ಮ ಹತ್ತಿರ. ಹೆಂಡತಿ ಹತ್ತಿರ. ಮಗು ಹತ್ತಿರ. ಒಳ್ಳೆಯದು. ಬಾ.

ಇಲ್ಲ.

ಆಗ ಚಮಚ ಎಸೆದು ಕಲಿತ ಪದವನ್ನು ಹೇಳಿದೆ. ಅವನು ಬೆಚ್ಚಿಬಿದ್ದ. ಅಕ್ಕನ ಬಾಯಲ್ಲಿ ಈ ಪದ ಬರಬಹುದೆಂದು ಎಣಿಸಿರಲಿಲ್ಲ. ಕಾವಲುಗಾರನ ಕಡೆ ನೋಡಿದ, ತನ್ನ ಅಂಗೈ ನೋಡಿಕೊಂಡ, ಆಮೇಲೆ ಹೇಳತೊಡಗಿದ.

ಮೊದಲು ಮಗುವಿಗೆ ತುತ್ತು ಕೊಡುವ ಹಾಗೆ ತುಂಡು ತುಂಡಾಗಿ ಹೇಳಿದ. ಅಮ್ಮ ಎಂಬುದು ಬಂತು, ಹತ್ತಿರ ಎಂಬುದು ಬಂತು. ಹೆಂಡತಿ ಎಂಬುದು ಬಂತು. ಸ್ವಲ್ಪ ಹೊತ್ತಿಗೆ ನನಗೆ ತಿಳಿಯುತ್ತದೋ ಇಲ್ಲವೋ ಎನ್ನುವುದನ್ನೇ ಅವನು ಮರೆತ. ಮಾತು ಹರಿಯಿತು. ಮನೆಯಲ್ಲಿದ್ದಾಗ ಇವನನ್ನು ಮಾತಾಡಿಸಬೇಕೆಂದರೆ ಬಾವಿಯಿಂದ ಕೊಡ ಎಳೆದಷ್ಟು ಕಷ್ಟ, ಹೂಂ ಉಹೂಂಗಳಲ್ಲೇ ದಿನ ಕಳೆಯುತ್ತಿದ್ದವನು. ಅಷ್ಟುದ್ದ ಅವನು ಮಾತಾಡಿದ್ದನ್ನು ಹುಟ್ಟಿದಾಗಿನಿಂದ ನಾನು ಕೇಳಿರಲಿಲ್ಲ. ನೆಲದಿಂದ ಮೊಳದೆತ್ತರಕ್ಕೆ ಕೈ ಹಿಡಿದು ಏನನ್ನೋ ತೋರಿಸಿದ. ಮುಷ್ಟಿ ಕಟ್ಟಿದ. ಎದೆಗೆ ಗುದ್ದಿಕೊಂಡ. ಅತ್ತ. ಎದುರಿಗೆ ಕೂತು ಒಬ್ಬರು ಅಳುತ್ತಾ ಹೇಳುವಾಗ ಯಾರಾದರೂ ಏನು ಮಾಡುತ್ತಾರೆ? ತಲೆ ಆಡಿಸುತ್ತಾ ಕೇಳುತ್ತಾರೆ. ನಾನೂ ಆಡಿಸಿದೆ. ನನ್ನ ತಲೆ ಆಡಿದಷ್ಟೂ ಅವನು ಹೇಳಿದ. ಮುಗಿದಾಗ ಅವನ ಮುಖ ಹಗುರಾಗಿತ್ತು, ಹೇಳಬೇಕಾದವರಿಗೆ ಹೇಳಿ ಆಯಿತು ಎನ್ನುವ ಹಾಗೆ.

ಕಾವಲುಗಾರ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದ. ಹೊತ್ತು ಮುಗಿಯಿತೆಂದು ಹೊರಗಿನವನು ಬಾಗಿಲು ತಟ್ಟಿದರೆ, ಇವನು ತಿರುಗದೆಯೇ ಕೈ ಎತ್ತಿ ತಡೆದ. ಅವನ ಕಣ್ಣೂ ಕೆಂಪಾಗಿತ್ತು. ನನ್ನ ತಮ್ಮನ ಮನಸ್ಸಿನಲ್ಲಿ ಏನಿದೆ ಎಂದು ಈ ಭೂಮಿಯ ಮೇಲೆ ತಿಳಿದವನು ಅವನೊಬ್ಬನೇ.

ಗೇಟಿನಿಂದ ಹೊರಗೆ ಬಂದವಳೇ, ಕಿವಿಯಲ್ಲಿ ಉಳಿದಿದ್ದ ಸದ್ದುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ಬಸ್ಸು ಹತ್ತಿದೆ. ಗಿರಾಕಿಗಳ ಅಳತೆಯನ್ನೆಲ್ಲ ಬರೆಯದೆ ನೆನಪಿಟ್ಟುಕೊಳ್ಳುತ್ತೇನೆ, ಇದು ಆಗುವುದಿಲ್ಲವೇ ಎಂಬ ಧೈರ್ಯ. ಲಾಡ್ಜಿಗೆ ಬಂದು ಗುಮಾಸ್ತನಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಅವನು ಇನ್ನೊಂದು ಸಲ ಹೇಳಿಸಿದ, ಮತ್ತೊಂದು ಸಲ ಹೇಳಿಸಿದ.

"ಅಕ್ಕ, ತಪ್ಪು ತಿಳ್ಕೋಬೇಡಿ. ಇದರಲ್ಲಿ ನನಗೆ ಅರ್ಥ ಆಗಿದ್ದು ಒಂದೇ."

"ಏನದು? ಹೇಳಿ, ಹೇಳಿ."

"ಮುಂದಿನ ನಿಲ್ದಾಣ."

ಅದು ಬಸ್ಸಿನವನು ನಿಲ್ದಾಣ ನಿಲ್ದಾಣಕ್ಕೂ ಕೂಗುತ್ತಿದ್ದದ್ದು.

ಮರುದಿನ ಬೆಳಗ್ಗೆ ಜೈಲಿನ ಕೆಲಸದವರು ಬರುವ ಹಿಂಬಾಗಿಲಲ್ಲಿ ನಿಂತೆ. ಕಾವಲುಗಾರ ಸೈಕಲ್ಲಿನಲ್ಲಿ ಬಂದ, ಗುರುತು ಹಿಡಿದು ಇಳಿದ. ನನ್ನ ಹತ್ತಿರ ಇದ್ದ ಆ ಒಂದು ಪದವನ್ನು ಅವನಿಗೂ ಹೇಳಿದೆ. ಅವನು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಲು ಶುರುಮಾಡಿದ. ನಾನು ಅವಸರದಲ್ಲಿ ಗುಮಾಸ್ತನ ನಂಬರ್ ಒತ್ತಿ ಫೋನನ್ನು ಅವನ ಬಾಯಿಯ ಮುಂದೆ ಹಿಡಿದೆ. ಫೋನ್ ಕಂಡದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದ. ಇಲ್ಲ, ಎಂದ. ಸೈಕಲ್ ತಳ್ಳಿಕೊಂಡು ಒಳಗೆ ಹೋದ.

"ಅಲ್ಲಿ ಕೇಳಿದ್ದನ್ನ ಆಚೆ ಹೇಳಿದ್ರೆ ಅವನ ಕೆಲಸ ಹೋಗುತ್ತೆ ಅಕ್ಕ," ಎಂದ ಗುಮಾಸ್ತ ಫೋನಿನಲ್ಲಿ. "ಅವನನ್ನ ಬಯ್ಯಬೇಡಿ."

ಬಯ್ಯಲು ನನಗೆ ಅವರ ಭಾಷೆ ಬರಬೇಕಲ್ಲ. ಎರಡು ದಿನ ಬಿಟ್ಟು ಅಧಿಕಾರಿಗಳು ತಮ್ಮನನ್ನು ಕೊನೆಯ ಸಲ ಕೇಳಿದರು, ಬೇಡ ಎಂದನಂತೆ. ಯಾಕೆಂದು ಕೇಳುವ ಪದ್ಧತಿ ಅಲ್ಲಿ ಇಲ್ಲವಂತೆ.

ಮನೆಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಮ್ಮ ಪೂರ್ತಿ ಕೇಳಿ, ಕೆನ್ನೆಗೆ ಕೈ ಇಟ್ಟುಕೊಂಡಳು.

"ಎದುರಿಗೆ ಕೂತು ಅಷ್ಟುದ್ದ ಅಳ್ತಾ ಹೇಳಿದನಂತೆ, ಇವಳಿಗೆ ಒಂದೂ ತಿಳೀಲಿಲ್ವಂತೆ! ಯಾರ ಕಿವಿಗೆ ಹೂ ಇಡ್ತೀಯೇ? ನನಗೆ ಹೇಳಬಾರದ್ದು ಏನೋ ಹೇಳಿದ್ದಾನೆ. ನೀನು ನುಂಗ್ಕೊಂಡಿದ್ದೀಯ."

"ಇಲ್ಲಮ್ಮ, ನಿನ್ನಾಣೆ."

"ನನ್ನ ಮೇಲೆ ಆಣೆ ಬೇರೆ!"

ಕಾಗದ ಬರೆದು ಕೇಳಬಹುದಲ್ಲ ಎನ್ನುತ್ತೀರಿ. ಬರೆದೆ. ನಮ್ಮ ಭಾಷೆಯ ಕಾಗದ ಅಲ್ಲಿ ಓದುವವರು ಸಿಗುವವರೆಗೆ ಕಪಾಟಿನಲ್ಲಿ ಕೂರುತ್ತದೆ, ಇದು ನೆನಪಿರಲಿ. ಚಳಿಗಾಲ ಕಳೆದು ಉತ್ತರ ಬಂತು. ನಾನು ನನ್ನ ಹೊಲಿಗೆ ಅಂಗಡಿಯಲ್ಲಿದ್ದಾಗ ಬಂದದ್ದರಿಂದ ಅಮ್ಮ ಪಕ್ಕದ ಮನೆಯ ಹುಡುಗಿಯಿಂದ ಓದಿಸಿಬಿಟ್ಟಿದ್ದಳು. ಎರಡೇ ಸಾಲು. ಅಕ್ಕ, ಅವತ್ತೇ ನಿನಗೆ ಎಲ್ಲ ಹೇಳಿದ್ದೀನಲ್ಲ, ನೀನೂ ಸರಿ ಅಂತ ತಲೆ ಆಡಿಸಿದೆ. ಇನ್ನೊಂದು ಸಲ ಹೇಳೋ ಶಕ್ತಿ ನನಗಿಲ್ಲ, ಕೇಳಬೇಡ.

ಆಮೇಲೆ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಎಲ್ಲಿಂದ ಬರಬೇಕು? ಸಂಜೆ ತಮ್ಮನ ಹೆಂಡತಿ ಅಂಗಡಿಗೇ ಬಂದಳು. ಮಗುವನ್ನು ಹೊರಗೆ ನಿಲ್ಲಿಸಿ ಬಂದಿದ್ದಳು.

"ನಾನು ಅಳೋದಿಲ್ಲ ಅಕ್ಕ, ಕೂಗಾಡೋದೂ ಇಲ್ಲ. ನನ್ನ ವಿಷಯ ಇತ್ತಾ?"

"ನನಗೆ ತಿಳೀಲಿಲ್ಲ ಕಣಮ್ಮ. ಹೇಗೆ ಹೇಳಿದ್ರೆ ನಂಬ್ತೀಯ?"

"ಹೆಂಡತಿ ಅನ್ನೋ ಪದ ಕಲ್ತು ಹೋಗಿದ್ರಲ್ಲ. ಆ ಪದ ಬಂತಾ, ಇಲ್ಲವಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಬಂತು."

"ಒಳ್ಳೇದಾಗಿ ಬಂತಾ, ಕೆಟ್ಟದಾಗಿ ಬಂತಾ?"

"ಅಳ್ತಾ ಇದ್ದ."

ಅವಳು ತಲೆ ಆಡಿಸಿದಳು. ಮುಂದಿನ ವಾರ ಮಗುವನ್ನು ಕರೆದುಕೊಂಡು ತವರಿಗೆ ಹೋದಳು, ಹೋಗಿ ಬರುತ್ತೇನೆ ಎನ್ನಲಿಲ್ಲ.

ಹೂಂ ಎಂದವರೆಲ್ಲ ಈಗ ನಮ್ಮ ದೇಶದ ಜೈಲಿಗೆ ಬಂದಿದ್ದಾರೆ. ಅವರಲ್ಲೊಬ್ಬನ ತಾಯಿ ಬಸ್ಸಿನಲ್ಲಿ ಹೋಗಿ ಮಗನನ್ನು ನೋಡಿ ಬರುತ್ತಾಳೆ, ದಾರಿಯಲ್ಲಿ ನಮ್ಮ ಮನೆಗೂ ಬಂದು ಏನೇನು ಮಾತಾಡಿದೆವು ಎಂದು ಹೇಳಿ ಹೋಗುತ್ತಾಳೆ. ಅವಳು ಹೋದ ಮೇಲೆ ಅಮ್ಮ ಮನೆಯಲ್ಲಿರುವ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂರುತ್ತಾಳೆ. "ಈಗಲಾದರೂ ಹೇಳೇ. ನಾನು ತಡ್ಕೋತೀನಿ."

ಏನಾದರೂ ಒಂದು ಕಾರಣ ಹೊಲಿದು ಕೊಟ್ಟುಬಿಡೋಣ ಎಂದು ನಾನೂ ಯೋಚಿಸಿದ್ದೇನೆ. ಅಮ್ಮನಿಗೆ ಸರಿಹೊಂದುವ ಹಾಗೆ ಕತ್ತರಿಸಿದರೆ ತಮ್ಮನ ಹೆಂಡತಿಗೆ ಬಿಗಿಯಾಗುತ್ತದೆ. ಅವಳಿಗೆ ಸಡಿಲ ಮಾಡಿದರೆ ಅಮ್ಮನಿಗೆ ಉಸಿರು ಕಟ್ಟುತ್ತದೆ. ಇನ್ನು ಮಗುವಿನ ಅಳತೆ ನಾಳೆ ಎಷ್ಟಾಗುತ್ತದೋ. ಹಾಗಾಗಿ ಕತ್ತರಿ ಕೆಳಗಿಟ್ಟು ಯಂತ್ರ ತುಳಿಯುತ್ತೇನೆ. ಅಮ್ಮ ಕಾಯುತ್ತಾಳೆ, ಕತ್ತಲಾದ ಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋಗುತ್ತಾಳೆ.