ಬಾಗಿಲು ತೆರೆಯದ ಇಪ್ಪತ್ತು ನಿಮಿಷ

ಬನ್ನಿನ ವಾಸನೆಯಲ್ಲ ಇದು, ಹೊಸ ಪ್ಲಾಸ್ಟಿಕ್ ಬಕೆಟನ್ನು ಬಿಸಿಲಿಗಿಟ್ಟ ಹಾಗೆ ಏನೋ ಒಂದು — ಗಾಜಿನಾಚೆ ಓವನ್ನಿನ ಹಳದಿ ಬಲ್ಬು, ಅದರಡಿ ಒಂದೇ ತಂತಿಗೆ ನೇತುಬಿದ್ದ, ಅಕ್ಕನ ಹಳೇ ಗಾಡಿಯ ಇಂಜಿನ್ನಿನ ಸೈಡ್ ಕವರು, ಅದರ ಮೇಲೆ ಹಿಟ್ಟಿನಂತೆ ಕೂತಿದ್ದ ಕೆಂಪು ಪುಡಿ ಇದೀಗ ಒದ್ದೆಯಾದಂತೆ ಮಿನುಗತೊಡಗಿದೆ, ಕರಗುತ್ತಿದೆ, ಅಂದರೆ ಲೆಕ್ಕ ಈಗ ಶುರು, ಓವನ್ ಕಾದಾಗಿನಿಂದ ಅಲ್ಲ, ಲೋಹ ಕಾದಾಗಿನಿಂದ ಇಪ್ಪತ್ತು ನಿಮಿಷ, ಇನ್ನೂರು ಡಿಗ್ರಿ, ನಡುವೆ ಬಾಗಿಲು ತೆರೆಯುವಂತಿಲ್ಲ. ಹಿತ್ತಲ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತವನ ಕೈ ತಾನಾಗಿಯೇ ಹಿಡಿಕೆಯ ಕಡೆ ಹೋಯಿತು, ಎಳೆದುಕೊಂಡು ತೊಡೆಯ ಕೆಳಗೆ ಒತ್ತಿಟ್ಟ. ತಾಳೋ ಸಾಸಿವೆ, ತಾಳು — ಅಕ್ಕ ಇಟ್ಟ ಹೆಸರು, ಓಣಿಯವರೂ ಅದನ್ನೇ ಹಿಡಿದುಕೊಂಡರು, ಎಣ್ಣೆ ಕಾದರೆ ಸಾಕು ಸಿಡೀತಾನೆ ಅಂತ, ಸುಳ್ಳೇನಲ್ಲ, ಹೋದ ವಾರ ಇದೇ ಕವರನ್ನು ಇದೇ ಗೋಡೆಗೆ ಬೀಸಿದವನು ಅವನೇ, ಮೂಲೆ ಕಿತ್ತ ಗಾರೆ ಇನ್ನೂ ಬಾಯಿ ತೆರೆದುಕೊಂಡಿದೆ. ಮೊದಲ ಸಲ ಬೇಯಿಸಿದಾಗ ಕವರಿನ ಮೈತುಂಬ ಗುಳ್ಳೆ ಎದ್ದಿತ್ತಲ್ಲ, ಸಿಡುಬು ಎದ್ದ ಹಾಗೆ, ಉಪ್ಪುಕಾಗದ ಹಾಕಿ ಎರಡು ದಿನ ಉಜ್ಜಿದ್ದು ಅದಕ್ಕೇನಾ. ಅವತ್ತು ಅಕ್ಕ ಬಂದಳು, ಬಯ್ಯಲಿಲ್ಲ, ಎತ್ತಿ ಮೂಸಿದಳು, ಇದು ಎಷ್ಟು ವರ್ಷದ ಆಯಿಲ್ ಕುಡ್ಕೊಂಡಿದೆಯೋ ಮಾರಾಯ, ಹೊಸ ತಟ್ಟೆ ತಂದ್ರೆ ನಾನು ಮೊದ್ಲು ಬರೀ ತಟ್ಟೇನೇ ಕಾಯಿಸಲ್ವಾ, ಒಳಗಿರೋದೆಲ್ಲ ಬೆವರಿ ಹೋಗ್ಲಿ, ಒರೆಸು, ಆಮೇಲೆ ಬಣ್ಣ ಬಳಿ. ಬಣ್ಣ ಬಳಿಯೋದಲ್ಲಕ್ಕ, ಪೌಡರ್ ಕೋಟಿಂಗು. ಆಯ್ತಪ್ಪ ದೊಡ್ಡ ಮನುಷ್ಯ, ಕೋಟಿಂಗು. ಮೂರು ಸಲ ಬರಿದೇ ಕಾಯಿಸಿದ, ಮೂರು ಸಲವೂ ಅದರ ಸಣ್ಣ ತೂತುಗಳಿಂದ ಕಂದು ಬೆವರು, ಒರೆಸಿದಷ್ಟೂ ಬಂತು, ಒಂದು ಲೋಹದ ತುಂಡು ಇಷ್ಟು ಹಳೇದನ್ನು ಒಳಗಿಟ್ಟುಕೊಂಡಿರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಎಂಟು ನಿಮಿಷ. ಇದರ ಹೊರತು ಎಲ್ಲ ಮುಗಿದಿದೆ, ಓವನ್ನಿಗೆ ಹಿಡಿಸದೆ ಬ್ರಷ್ಷಿನಲ್ಲೇ ಬಣ್ಣ ಬಳಿದ ಚೌಕಟ್ಟು, ಚಕ್ರ, ಆಮೇಲೆ ಸ್ಟ್ಯಾಂಡು, ಅಕ್ಕ ಬನ್ನಿನ ಪೆಟ್ಟಿಗೆ ಕಟ್ಟುವ ಕ್ಯಾರಿಯರು, ಎಲ್ಲವೂ ಗೋಡೆಗೊರಗಿ ಹೊಳೆಯುತ್ತಿವೆ, ಮೂರು ವಾರದಿಂದ ಅಕ್ಕ ತಲೆ ಮೇಲೆ ತಟ್ಟೆ ಹೊತ್ತು ಸೇತುವೆ ದಾಟಿ ಹಾಸ್ಟೆಲಿಗೆ ನಡೆದಿದ್ದಾಳೆ, ನಾಳೆ ಬೆಳಿಗ್ಗೆ ಈ ಗಾಡಿಯಲ್ಲಿ ಹೋಗಬೇಕು. ಪುಡಿ ಮುಗಿದಿದೆ, ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿ ತಟ್ಟಿ ಪುಡಿ ಹೊಡೆಯುವ ಗನ್ನಿಗೆ ತುಂಬಿದ್ದು. ಗುಳ್ಳೆ ಎದ್ದರೂ ಗಾಡಿ ಓಡುತ್ತದೆ, ನಿಜ, ಅಕ್ಕ ನೋಡಿ ಇರ್ಲಿ ಬಿಡು ಅಂತಾಳೆ, ಅದೇ, ಆ ಇರ್ಲಿ ಬಿಡು ಅನ್ನುವುದನ್ನೇ ಇನ್ನೊಂದು ಸಲ ಕೇಳಲಾರ ಅವನು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎಸೆದು ಕೆಲಸ ಕಳೆದುಕೊಂಡು ಬಂದಾಗ ಇರ್ಲಿ ಬಿಡು, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಾಗ ಇರ್ಲಿ ಬಿಡು, ಈ ಓವನ್ನಿಗೆ — ಅಯ್ಯೋ, ಈ ಓವನ್ನಿಗೆ. ಅವಳು ಬನ್ನು ಹಂಚಲು ಹೋಗಿದ್ದಾಗ ಕೇಳದೆ ಹೇಳದೆ ಅಡುಗೆಮನೆಯಲ್ಲೇ ಸ್ಟ್ಯಾಂಡು ಒಳಗಿಟ್ಟು ಕಾಯಿಸಿದ, ಮಾರನೇ ದಿನ ಎಂಬತ್ತು ಬನ್ನು ಬಣ್ಣದಂಗಡಿಯಂತೆ ನಾತ ಹೊಡೆದು ವಾಪಸು ಬಂದವು, ಒಮ್ಮೆ ಪುಡಿ ಬೆಂದ ಓವನ್ನಿನಲ್ಲಿ ಮತ್ತೆ ಊಟದ ಪದಾರ್ಥ ಬೇಯಿಸಬಾರದು, ಡಬ್ಬಿಯ ಪಕ್ಕದಲ್ಲೇ ಅಚ್ಚುಹಾಕಿದ್ದರು, ಸಣ್ಣ ಅಕ್ಷರ, ಓದುವ ಗೋಜಿಗೆ ಅವನು ಹೋದವನೇ ಅಲ್ಲ. ಅಕ್ಕ ಬೆರಳಿಟ್ಟು ಅಷ್ಟನ್ನೂ ಓದಿದಳು, ಆಮೇಲೆ ಓವನ್ನನ್ನು ತಾನೇ ದರದರ ಎಳೆದು ಜಗಲಿಗೆ ತಂದಳು, ಇನ್ಮೇಲೆ ಇದು ನಿಂದು, ಒಳಗೆ ತರಬೇಡ, ಇರ್ಲಿ ಬಿಡು, ಊಟ ಮಾಡು ಬಾ. ಅವತ್ತಿನಿಂದ ಮಧ್ಯಾಹ್ನ ಬೇಕರಿಯವನ ಒಲೆ ಖಾಲಿಯಾಗುವುದನ್ನು ಕಾದು ಅಲ್ಲಿ ಬೇಯಿಸಿಕೊಂಡು ಬರುತ್ತಾಳೆ. ಒಂದು ಮಾತು ಬೈದಿದ್ದರೆ, ಒಂದು ಏಟು ಹಾಕಿದ್ದರೆ, ತಿರುಗಿ ಕೂಗಾಡಿ ಹಗುರಾಗುತ್ತಿದ್ದ, ಇವಳ ಮೇಲೆ ಕೂಗಾಡುವುದು ಹೇಗೆ.

ಹದಿಮೂರು. ಹೊಳಪು ಸಮವಾಗಿದೆ, ಕೆಳಗಿನ ಅಂಚಿನಲ್ಲಿ ಅದು ಗುಳ್ಳೆಯಾ, ಬಲ್ಬಿನ ನೆರಳಾ, ಒಂದಿಷ್ಟು ತೆರೆದು ನೋಡಿದರೆ — ಇಲ್ಲ, ಕೂತಿರು, ಮುಗಿಯುವ ಮೊದಲೇ ಬಾಗಿಲು ಒದ್ದು ಎದ್ದು ಹೋಗಿದ್ದೇ ಆಯಿತಲ್ಲ ಇಷ್ಟು ವರ್ಷ. ಗಣಿತದ ಮೇಷ್ಟ್ರು ಅವನ ಅಂಕ ಓದಿ ಕ್ಲಾಸಿನ ಕಡೆ ತಿರುಗಿ ನಕ್ಕಿದ್ದು, ಹಿಟ್ಟು ನಾದೋಳ ತಮ್ಮಂಗೆ ಬೀಜಗಣಿತ ಯಾಕೆ ಬೇಕಂತೆ ಕೇಳ್ರೋ, ಡಸ್ಟರು ಅವನ ಕೈಯಿಂದ ಹಾರಿದ್ದು, ಕಿಟಕಿಯ ಗಾಜು, ಹೆಡ್ ಮೇಷ್ಟ್ರ ಕೋಣೆ, ತಪ್ಪಾಯ್ತು ಅನ್ನೋ, ಅನ್ನಲ್ಲ, ಅನ್ನೋ, ಅನ್ನಲ್ಲ, ನಾದುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದ ಅಕ್ಕ ಯಾರನ್ನೂ ಏನನ್ನೂ ಕೇಳಲಿಲ್ಲ, ಹಿಂದಿನಿಂದ ಕಾಲರಿಗೆ ಕೈ ಹಾಕಿದಳು, ಈಗ ಬಿತ್ತು ಏಟು ಅಂದುಕೊಂಡ, ಬೀಳಲಿಲ್ಲ, ರಸ್ತೆಯುದ್ದಕ್ಕೂ ಹಾಗೇ ಹಿಡಿದುಕೊಂಡೇ ನಡೆದಳು, ಅವನು ಕೊಸರಾಡಿದ, ಬೈದ, ಅಳುವುದು ಕಾಣದಿರಲಿ ಎಂದು ಮುಖ ತಿರುಗಿಸಿದ, ಮನೆಯ ಬಾಗಿಲು ಮುಟ್ಟುವತನಕ ಅವಳು ಬಿಡಲಿಲ್ಲ. ಅಂಗಿ ಬಿಚ್ಚಿದಾಗ ನೀಲಿ ಕಾಲರಿನ ಮೇಲೆ ಎರಡು ಬೆರಳಿನ ಗುರುತು, ಬಿಳೀ ಹಿಟ್ಟು.

ಹದಿನೆಂಟು, ಹತ್ತೊಂಬತ್ತು, ಕೈ ಜೋಮು ಹಿಡಿದಿದೆ, ತೊಡೆಯಡಿಯಿಂದ ತೆಗೆಯಲಿಲ್ಲ. ಇಪ್ಪತ್ತು. ಆರಿಸಿದ, ಇಕ್ಕಳದಲ್ಲಿ ತಂತಿ ಹಿಡಿದು ಹೊರಗೆ ತಂದು ಹಗ್ಗಕ್ಕೆ ತೂಗುಹಾಕಿದ, ಆರಲು ಬಿಟ್ಟ, ಮುಟ್ಟಲಿಲ್ಲ, ಗುಳ್ಳೆ ಇಲ್ಲ, ಒಂದೂ ಇಲ್ಲ, ಜಗಲಿಯ ಕಂಬ ಅದರಲ್ಲಿ ಬಾಗಿ ಕಾಣುತ್ತಿದೆ, ಅವನ ಮುಖವೂ. ಏನೋ ಸಾಸಿವೆ, ಗೋಡೆ ಉಳೀತಾ, ಅಕ್ಕ ಬೇಕರಿಯಿಂದ ಬಂದಿದ್ದಾಳೆ, ಮೊಣಕೈವರೆಗೂ ಹಿಟ್ಟು, ತಟ್ಟೆ ಇಳಿಸಿ ಕವರಿನ ಮುಂದೆ ನಿಂತಳು, ಅವನು ಅವಳ ಬಾಯನ್ನೇ ನೋಡುತ್ತಿದ್ದ, ಆ ಮಾತು ಬರುತ್ತದಾ. ಇದು ನೀನೇ ಮಾಡಿದ್ದೇನೋ, ಅಂದಳು. ಹೂಂ. ಪೂರ್ತಿ ನೀನೇ? ಪೂರ್ತಿ. ಕವರನ್ನು ಬಿಚ್ಚಿ ಕೊಟ್ಟ, ತಿರುಗಿಸಿ ತಿರುಗಿಸಿ ನೋಡಿದಳು, ಇಲ್ಲೊಂದು ಕಾಳಿನಷ್ಟು ಬಿಟ್ಟುಹೋಗಿದೆಯಲ್ಲೋ, ಬೆಳ್ಳಗೆ. ತಂತಿ ಹಿಡಿದಿದ್ದ ಜಾಗ ಅಕ್ಕ, ಹಿಡಿದ ಕಡೆ ಪುಡಿ ಕೂರಲ್ಲ. ತುಂಬಲ್ವಾ? ಇರ್ಲಿ ಬಿಡು, ಅಂದ ಅವನು, ಅಂದಮೇಲೆ ಅವಳ ಕಡೆ ನೋಡಲಾಗಲಿಲ್ಲ, ಸ್ಪ್ಯಾನರ್ ಎತ್ತಿಕೊಂಡ, ಸಂಜೆಯೊಳಗೆ ಜೋಡಿಸಬೇಕು, ಮೊದಲು ಕೆಳಗಿನ ಬೋಲ್ಟು, ಆಮೇಲೆ — ಕೆಂಪಿನ ನಡುವೆ ಆ ಬಿಳಿ ಕಾಳು, ಮೇಲಿನ ಬೋಲ್ಟು ಯಾವುದು, ಬಿಳಿ, ನೀಲಿ ಕಾಲರು, ಹಿಡಿದ ಕಡೆ ಎರಡು ಬೆರಳು, ಹಿಟ್ಟು